ಅಪ್‌ಡೇಟ್: 95 ಡಿಗ್ರಿ ಮುಟ್ಟುತ್ತಿದ್ದ ಪಿಸಿ ಈಗ ತಣ್ಣಗಿದೆ

ಹೋದ ವಾರ ಕೇಳಿದ್ದೆನಲ್ಲ, ನನ್ನ ಪಿಸಿಯ ರೈಜನ್ 7 7700ಎಕ್ಸ್ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದರೆ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಿದರೆ) 95 ಡಿಗ್ರಿಗೆ ಹೋಗುತ್ತಿದೆ, ಲಿಕ್ವಿಡ್ ಕೂಲರ್ ಹಾಕಲೇಬೇಕಾ ಅಂತ? ಬೇಕಾಗಲಿಲ್ಲ. ಪ್ರೊಸೆಸರ್ ಮೇಲಿರುವ ಫ್ಯಾನಿನ ಏರ್ ಕೂಲರ್ ಬಿಚ್ಚಿ ನೋಡಿದರೆ ತಳದ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡಿತ್ತು! ಅದರ ಮೇಲೆ 'ಕಿತ್ತು ಹಾಕಿ' ಅಂತ ಬೇರೆ ಬರೆದಿತ್ತು. ಮನೆಯಲ್ಲಿ ಇನ್ನೂ ನಗುತ್ತಿದ್ದಾರೆ. ಹಾಳೆ ಕಿತ್ತು, ಹಳೇ ಥರ್ಮಲ್ ಪೇಸ್ಟ್ (ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವುದು) ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿದೆ. ಬಯಾಸ್‌ನಲ್ಲಿ (ಮದರ್‌ಬೋರ್ಡ್ ಸೆಟ್ಟಿಂಗ್‌ನಲ್ಲಿ) ಚಿಪ್‌ನ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್ ಮೈನಸ್ 20ಕ್ಕೆ ಇಟ್ಟೆ. ಮೈನಸ್ 30ರಲ್ಲಿ ಪಿಸಿ ಸುಮ್ನೆ ಕೂತಿದ್ದಾಗಲೇ ರೀಸ್ಟಾರ್ಟ್ ಆಗುತ್ತಿತ್ತು. ಈ ಚಿಪ್ 95ರವರೆಗೆ ಹೋಗುವಂತೆಯೇ ಮಾಡಿದ್ದಾರೆ ಎಂದು ಆಗ ಉತ್ತರಿಸಿದವರ ಮಾತು ನಿಜ. ಆದರೆ ನನ್ನದು ಎರಡೇ ಸೆಕೆಂಡಿಗೆ ಮುಟ್ಟುತ್ತಿತ್ತು, ಅದು ಜಾಸ್ತಿ ಅಲ್ವಾ? ಈಗ ಚಿಪ್‌ಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಟೆಸ್ಟ್ ಅರ್ಧ ಗಂಟೆ ಓಡಿಸಿದರೂ 84 ದಾಟುತ್ತಿಲ್ಲ. ಲಿಕ್ವಿಡ್ ಕೂಲರ್‌ಗೆ ಎತ್ತಿಟ್ಟಿದ್ದ ದುಡ್ಡಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ಎಸ್‌ಎಸ್‌ಡಿ (ಸ್ಟೋರೇಜ್ ಡ್ರೈವ್) ತಂದೆ.