ತತ್ತಿ ಬೆಳಕಿಗೆ ಹಿಡಿದಂಗ

ಬಾಗಲಕೋಟಿ ನವನಗರದ ಚಹಾದಂಗಡ್ಯಾಗ ಬಸ್ಯಾ ಮೊಬೈಲ್ ಮುಂದ ಹಿಡಿದ. ಕರಿ ಹಲಗಿ ಮ್ಯಾಲ ಬೂದಿ ಚೆಲ್ಲಿದಂಗಿತ್ತು.

"ಅರಬ್ಬಿ ಸಮುದ್ರದಾಗ ಮೋಡ ಕಟ್ಟೈತಿ. ಈ ಸಲ ಆಲಮಟ್ಟಿ ಲಗೂನ ತುಂಬತೈತಿ," ಅಂದ್ರು ಮಾಸ್ತರು.

"ಮೋಡ ಅಲ್ರಿ ಸರ, ನಮ್ಮ ರಾಣಿ ಹೊಟ್ಟಿ. ಸ್ಕ್ಯಾನ್ ಮಾಡಿಸೀನಿ."

ರಾಣಿ ಅಂದ್ರ ಇವನ ಮುಧೋಳ ನಾಯಿ. ಮುಂಜಾನಿಂದ ಅದರ ಹೊಟ್ಟೀನ ಇವನ ಸ್ಟೇಟಸ್ಸು.

ಪರಸಪ್ಪ ಕಾಕಾ ಬಸಿ ಕೆಳಗಿಟ್ಟ. "ಮುಧೋಳ ನಾಯಿಗೆ ಮಷೀನ್ ಯಾಕಲೇ? ತತ್ತಿ ಹಿಡಿದಂಗ ಬಿಸಲಿಗೆ ಎತ್ತಿ ಹಿಡಿ, ತಿಂದ ರೊಟ್ಟಿ ಸೈತ ಕಾಣತೈತಿ."

"ಹಂಗಲ್ಲ ಕಾಕಾ. ಹೊಟ್ಟಿ ಬೋಳಿಸಿ, ಜೆಲ್ ಹಚ್ಚಿ..."

"ಬೋಳಸಾಕ ಅದಕ್ಕ ಕೂದಲರೆ ಎಲ್ಲದಾವು?"

"ಇದ್ದಷ್ಟರಾಗ ಗಾಳಿ ಸಿಕ್ಕೊಂಡಿರತೈತಿ. ಗಾಳಿ ಇದ್ದಲ್ಲಿ ಮಷೀನ್ ಬಿಡೂ ಧ್ವನಿ ಹೊಳ್ಳಿ ಬರತೈತಿ, ಒಳಗಿಂದೇನೂ ಕಾಣಂಗಿಲ್ಲ."

"ಹಂಗಾರ ನಮ್ಮ ಮೆಂಬರನ ತಲಿ ಸ್ಕ್ಯಾನ್ ಮಾಡಸಬ್ಯಾಡ್ರಿ, ರೊಕ್ಕ ದಂಡ."

ಮಾಸ್ತರಿಗೆ ವಿಜ್ಞಾನ ಏರಿತು. "ಆ ಧ್ವನಿಗೆ ನಾಯಿ ಬೆದರಲಿಲ್ಲೇನು? ನಮಗ 20,000 ಹರ್ಟ್ಜ್ ತನಕ ಕೇಳತೈತಿ, ನಾಯಿಗೆ 45,000ದ ಸನೇಕ."

"ಮಷೀನಂದು ಹತ್ತಿಪ್ಪತ್ತು ಲಕ್ಷದ ಮ್ಯಾಲ ಇರತೈತ್ರಿ."

"ಲಕ್ಷದ ಮಾತು ಬಡವರ ಮನಿ ನಾಯಿಗೆ ಹೆಂಗ ಕೇಳಬೇಕು?" ಅಂದ ಕಾಕಾ. "ಗಂಡೋ ಹೆಣ್ಣೋ ಕೇಳಿದೇನಲೇ?"

ಮಾಸ್ತರು ಹೌಹಾರಿದ್ರು. "1994ರ ಕಾಯ್ದೆ ಐತಿ, ಸುಮ್ನಿರ್ರಿ!"

"ಅದು ಮನಶ್ಯಾರಿಗ್ರಿ. ಹೆಣ್ಣಾತಂತ ನಾಯಿ ಯಾವತ್ತರೆ ಮಾರಿ ಸಣ್ಣದು ಮಾಡೇತೇನು?"

ಮಾಸ್ತರು ಚಹಾ ಊದಕೋತ ಕುಂತ್ರು. ಅವರ ಮೂವರು ಹೆಣ್ಣುಮಕ್ಕಳ ಸುದ್ದಿ ನಮಗೆಲ್ಲಾ ಗೊತ್ತೈತಿ.

"ಮರಿ ಎಷ್ಟದಾವು?" ಅಂತ ಕೇಳಿದೆ ನಾನು.

"ಸ್ಕ್ಯಾನಿನ್ಯಾಗ ಲೆಕ್ಕ ಪಕ್ಕಾ ಸಿಗಂಗಿಲ್ಲಂತ. ಎಲುಬು ಬಲತ ಮ್ಯಾಲ ಎಕ್ಸ್-ರೇದಾಗ ಎಣಸ್ತಾರಂತ."

"63 ದಿನ ತುಂಬಲಿ ತಡಿ. ಬಟ್ಟಿಲೆ ಎಣಸಬಹುದು, ಫುಕಟ್."

ಎಲ್ಲಾರೂ ನಕ್ಕಿವಿ. ಕಾಕಾನೂ ನಕ್ಕ, ಆದರ ಲಗೂನ ನಿಂದ್ರಿಸಿದ.

"ನಮ್ಮ ಕೆಂದಾಕಳ ಗಬ್ಬಿದ್ದಾಗ ಅಪ್ಪ ದಿನಾ ಹೊಟ್ಟಿಗೆ ಕಿವಿ ಹಚ್ಚತಿದ್ದ. 'ಆಡಾಕ ಹತ್ತೈತಿ' ಅಂತಿದ್ದ. ಒಂದಿನ ಹಚ್ಚಿದ, ಏನೂ ಅನಲಿಲ್ಲ. ಎದ್ದು ಕಣಕಿ ಹಾಕಿದ."

ಯಾರೂ ಮಾತಾಡಲಿಲ್ಲ. ಕಾಕಾ ಚಷ್ಮಾ ತಗದು ಧೋತರಲೆ ಒರೆಸಿ ಹಾಕ್ಕೊಂಡ.

"ಎದಿ ಎಲ್ಲಿ ಬಡೀತೈತಿ, ತೋರಸಲೇ."

ಬಸ್ಯಾ ವಿಡಿಯೋ ಹಚ್ಚಿದ. ಬೂದಿಯೊಳಗ ಜ್ವಾಳದ ಕಾಳಿನಷ್ಟು ಚುಕ್ಕಿ, ಪಟಪಟ ಮಿಣಕತಿತ್ತು. ಹನ್ನೊಂದು ಸೆಕೆಂಡಿಗೆ ನಿಂತಿತು.

"ಹೊಳ್ಳಿ ಹಚ್ಚು," ಅಂದ ಕಾಕಾ.