ಮೂವತ್ತು ವರ್ಷ ಹಳೆಯ ಟೆಕ್ನಿಕ್ ಕಾರನ್ನು ಮತ್ತೆ ಕಟ್ಟುವ ಬಗ್ಗೆ: ಒಂದು ಪ್ರಶ್ನೆ, ಹಲವರ ಅನುಭವ

ಪ್ರಶ್ನೆ, ಮೈಸೂರಿನಿಂದ

ಜರ್ಮನಿಯಲ್ಲಿರುವ ನನ್ನ ಭಾವಮೈದುನ ಅಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡಿದ್ದ ಒಂದು ಪೆಟ್ಟಿಗೆ ತುಂಬ ಲೆಗೊ ಟೆಕ್ನಿಕ್ (ಗೇರು, ದಂಡಗಳಿಂದ ಚಲಿಸುವ ಯಂತ್ರಗಳನ್ನು ಕಟ್ಟುವ ಪ್ಲಾಸ್ಟಿಕ್ ಆಟಿಕೆ) ಬಿಡಿಭಾಗಗಳನ್ನು ನನಗೆ ತಂದುಕೊಟ್ಟಿದ್ದಾನೆ. ಜೊತೆಗಿದ್ದ ಹರಿದ ಪುಸ್ತಿಕೆಯ ಪ್ರಕಾರ ಅದರಲ್ಲಿ 1994ರ 8880 ಸಂಖ್ಯೆಯ ಕಪ್ಪು ಸೂಪರ್ ಕಾರ್ ಇರಬೇಕು. ಆದರೆ ಬೇರೆ ಸೆಟ್‌ಗಳ ಭಾಗಗಳೂ ಅದರೊಳಗೆ ಬೆರೆತಿವೆ, ಕೆಲವು ಬೂದು ತುಂಡುಗಳು ಹಳದಿಗಟ್ಟಿವೆ, ಎರಡು ಹಳೆಯ ಮೋಟಾರುಗಳೂ ಸಿಕ್ಕಿವೆ. ನಾನು ನಲವತ್ತು ದಾಟಿದವನು, ಈ ಹವ್ಯಾಸಕ್ಕೆ ಹೊಸಬ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ಇಲ್ಲದ ಭಾಗಗಳನ್ನು ಹೇಗೆ ಹೊಂದಿಸಬೇಕು, ಮತ್ತು ಮುಂದೆ ಸಂಗ್ರಹ ಬೆಳೆಸುವುದಾದರೆ ಬಿಚ್ಚದ ಹೊಸ ಪೆಟ್ಟಿಗೆಗಳನ್ನೇ ಕೊಳ್ಳುವುದು ಸರಿಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ, ಬೆಂಗಳೂರಿನಿಂದ

ನಿಮ್ಮ ಕೈಗೆ ಬಂದಿರುವುದು ಸಾಧಾರಣ ಮಾದರಿಯಲ್ಲ. ಟೆಕ್ನಿಕ್ ಸರಣಿ 1977ರಲ್ಲಿ ಆರಂಭವಾದಾಗ ಬಂದ 853ನೇ ಸಂಖ್ಯೆಯ ಕಾರಿನ ಚಾಸಿಯಿಂದ 1980ರ 8860, 1988ರ 8865 ಎಂದು ಸಾಗಿದ ದೊಡ್ಡ ಕಾರುಗಳ ಸಾಲಿನಲ್ಲಿ 8880ಕ್ಕೆ ವಿಶೇಷ ಸ್ಥಾನವಿದೆ. ಪಿಸ್ಟನ್‌ಗಳು ಚಲಿಸುವ ವಿ-8 ಎಂಜಿನ್, ನಾಲ್ಕು ಹಂತದ ಗೇರ್‌ಬಾಕ್ಸ್, ನಾಲ್ಕೂ ಚಕ್ರಗಳಿಗೆ ಚಾಲನೆ, ನಾಲ್ಕೂ ಚಕ್ರಗಳಿಗೆ ತಿರುವು, ಪ್ರತ್ಯೇಕ ಸಸ್ಪೆನ್ಷನ್, ಏಳುವ ದೀಪಗಳು ಇವೆಲ್ಲವನ್ನೂ ಸುಮಾರು 1,340 ತುಂಡುಗಳಲ್ಲಿ ತುಂಬಿದ್ದಾರೆ. ಇವತ್ತಿನ ದೊಡ್ಡ ಕಾರುಗಳಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ತುಂಡುಗಳಿರುತ್ತವೆ. 2018ರ ಬುಗಾಟಿ ಶಿರಾನ್ 3,599 ತುಂಡುಗಳದ್ದು. ಆದರೂ ಯಂತ್ರದ ಸಾಂದ್ರತೆಯಲ್ಲಿ ಹಳೆಯದೇ ಮೇಲೆಂದು ನನ್ನ ಅಭಿಪ್ರಾಯ.

ಮೊದಲು ಕಟ್ಟಲು ಕೂರಬೇಡಿ, ವಿಂಗಡಿಸಲು ಕೂರಿ. ವಿಂಗಡಣೆ ಬಣ್ಣದ ಪ್ರಕಾರ ಬೇಡ, ಆಕಾರದ ಪ್ರಕಾರ ಮಾಡಿ: ಕಪ್ಪು ಪಿನ್‌ಗಳ (ತುಂಡುಗಳನ್ನು ಜೋಡಿಸುವ ಗೂಟಗಳು) ರಾಶಿಯಲ್ಲಿ ಕಪ್ಪು ಆಕ್ಸಲನ್ನು (ಗೇರು, ಚಕ್ರಗಳನ್ನು ಕೂರಿಸುವ ದಂಡ) ಹುಡುಕುವುದು ಕಣ್ಣಿಗೆ ಶಿಕ್ಷೆ, ಆದರೆ ಹಲವು ಬಣ್ಣದ ಆಕ್ಸಲ್‌ಗಳ ನಡುವೆ ಬೇಕಾದ ಬಣ್ಣ ತಾನಾಗಿ ಕಾಣುತ್ತದೆ. ಆಕ್ಸಲ್‌ಗಳ ಉದ್ದವನ್ನು ಬೀಮ್‌ನ (ಸಾಲಾಗಿ ರಂಧ್ರಗಳಿರುವ ಉದ್ದನೆಯ ತುಂಡು) ರಂಧ್ರಗಳ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ರಂಧ್ರದಿಂದ ಮುಂದಿನದಕ್ಕೆ 8 ಮಿಲಿಮೀಟರ್, ಹಾಗಾಗಿ ಉದ್ದ 6 ಎಂದರೆ 48 ಮಿಲಿಮೀಟರ್. ಅನುಮಾನ ಬಂದಲ್ಲಿ ಸ್ಕೇಲ್ ಇಟ್ಟು ಅಳೆಯಿರಿ, ಏಕೆಂದರೆ ಉದ್ದದಲ್ಲಿ ತಪ್ಪಿದ ಒಂದು ಆಕ್ಸಲ್ ನೂರು ಹೆಜ್ಜೆಗಳ ನಂತರವೇ ತೊಂದರೆ ಕೊಡುತ್ತದೆ, ಆಗ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ವಿಂಗಡಿಸಿದ ಮೇಲೆ ಸೆಟ್‌ನ ಭಾಗಗಳ ಪಟ್ಟಿಯನ್ನು ರೆಬ್ರಿಕಬಲ್ ಅಥವಾ ಬ್ರಿಕ್‌ಲಿಂಕ್ ಜಾಲತಾಣದಲ್ಲಿ ತೆರೆದು ಇರುವುದಕ್ಕೆ ಗುರುತು ಹಾಕುತ್ತ ಹೋಗಿ. ಉಳಿಯುವುದೇ ನಿಮ್ಮ ಖರೀದಿಯ ಪಟ್ಟಿ.

ಬೂದು ಬಣ್ಣದ ಬಗ್ಗೆ ಎಚ್ಚರವಿರಲಿ. 2004ರ ಸುಮಾರಿಗೆ ಕಂಪನಿ ತನ್ನ ಬೂದು ಬಣ್ಣಗಳನ್ನು ಬದಲಾಯಿಸಿತು. ಹಳೆಯದರಲ್ಲಿ ತುಸು ಹಳದಿ ಛಾಯೆ, ಹೊಸದರಲ್ಲಿ ನೀಲಿ ಛಾಯೆ. ಎರಡೂ ಒಟ್ಟಿಗೆ ಕೂರುತ್ತವೆ, ಯಂತ್ರಕ್ಕೆ ಯಾವ ವ್ಯತ್ಯಾಸವೂ ಇಲ್ಲ, ಆದರೆ ಹೊರಗೆ ಕಾಣುವ ಜಾಗದಲ್ಲಿ ಬೆರೆಸಿದರೆ ಕಾರು ತೇಪೆ ಹಾಕಿದ ಅಂಗಿಯಂತಾಗುತ್ತದೆ. ಒಳಗಿನ ಗೇರು, ಬುಷ್‌ಗಳಿಗೆ (ಆಕ್ಸಲ್ ಜಾರದಂತೆ ಹಿಡಿಯುವ ಬಳೆಗಳು) ಅಗ್ಗವಾಗಿ ಸಿಗುವ ಹೊಸ ಬೂದನ್ನು ಬಳಸಿ, ಹೊರಮೈಗೆ ಮಾತ್ರ ಹಳೆಯದನ್ನು ಹುಡುಕಿ.

ಕಟ್ಟುವಾಗ ನಾನು ಪಾಲಿಸುವ ನಿಯಮ ಒಂದೇ: ತಿರುಗುವ ಭಾಗ ಸೇರಿದ ಪ್ರತಿ ಹಂತದಲ್ಲೂ ಅದನ್ನು ಬೆರಳಿನಿಂದ ತಿರುಗಿಸಿ ನೋಡುವುದು. ಬುಷ್ ಅನ್ನು ಬೀಮ್‌ಗೆ ಗಟ್ಟಿಯಾಗಿ ಒತ್ತಿಬಿಟ್ಟರೆ ಆಕ್ಸಲ್ ಬಿಗಿಯುತ್ತದೆ. ಕಾಗದದ ಹಾಳೆಯಷ್ಟು ಸಡಿಲ ಬಿಡಬೇಕು. ಇಂಥ ಸಣ್ಣ ಬಿಗಿತಗಳು ಒಂದೊಂದಾಗಿ ಕೂಡಿಕೊಂಡು, ಕೊನೆಯಲ್ಲಿ ಕಾರನ್ನು ನೆಲದ ಮೇಲೆ ತಳ್ಳಿದರೂ ಪಿಸ್ಟನ್‌ಗಳು ಅಲುಗದಂತೆ ಮಾಡುತ್ತವೆ. ನಾಲ್ಕು ಚಕ್ರಗಳ ಚಾಲನೆಯಿರುವ ಮಾದರಿಗಳಲ್ಲಿ ಇನ್ನೊಂದು ಪರೀಕ್ಷೆ ಬೇಕು. ಒಂದು ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗುಂಪು) ತಿರುಗುಮುರುಗಾಗಿ ಕೂತರೆ ಮುಂದಿನ ಚಕ್ರಗಳು ಒಂದು ದಿಕ್ಕಿಗೂ ಹಿಂದಿನವು ಇನ್ನೊಂದು ದಿಕ್ಕಿಗೂ ತಿರುಗುತ್ತವೆ. ಕೈಯಲ್ಲಿ ಎತ್ತಿ ಹಿಡಿದಾಗ ಎಲ್ಲವೂ ಸರಾಗ, ನೆಲಕ್ಕಿಟ್ಟೊಡನೆ ಗಾಡಿ ಕಚ್ಚಿಕೊಂಡು ನಿಲ್ಲುತ್ತದೆ. ಆದ್ದರಿಂದ ಚಾಸಿ ಪೂರ್ಣವಾದಾಗ, ಮೇಲ್ಮೈ ಹಾಕುವ ಮೊದಲು, ಚಾಲನೆಯ ದಂಡವನ್ನು ತಿರುಗಿಸಿ ನಾಲ್ಕು ಚಕ್ರಗಳ ದಿಕ್ಕನ್ನೂ ನೋಡಿಕೊಳ್ಳಿ. ಒಂದು ದಂಡದ ಎರಡೂ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್ (ಬಾಗಿದಂತೆಯೇ ತಿರುಗಬಲ್ಲ ಕೀಲು) ಇದ್ದರೆ ದಂಡದ ಕಡೆಯ ಅವುಗಳ ಕವಲುಗಳು ಒಂದೇ ಸಮತಲದಲ್ಲಿರಬೇಕು, ಇಲ್ಲವಾದರೆ ಚಾಲನೆ ಒಂದೇ ವೇಗದಲ್ಲಿ ಸಾಗದೆ ಏರಿಳಿಯುತ್ತದೆ. ಇದು ನಿಜವಾದ ಲಾರಿಗಳಿಗೂ ಅನ್ವಯಿಸುವ ಮಾತು, ಆಟಿಕೆಗೆ ಮಾತ್ರವಲ್ಲ.

ಗೇರುಗಳ ಲೆಕ್ಕ ಗೊತ್ತಿದ್ದರೆ ಪುಸ್ತಿಕೆಯ ಹರಿದ ಪುಟಗಳೂ ಅಡ್ಡಿಯಾಗುವುದಿಲ್ಲ. ಎರಡು ಗೇರುಗಳ ಹಲ್ಲುಗಳನ್ನು ಕೂಡಿಸಿ 16ರಿಂದ ಭಾಗಿಸಿದರೆ ಅವುಗಳ ನಡುವಿನ ಅಂತರ ರಂಧ್ರಗಳಲ್ಲಿ ಸಿಗುತ್ತದೆ: 8 ಮತ್ತು 24 ಹಲ್ಲಿನವು 2 ರಂಧ್ರ ದೂರ, 8 ಮತ್ತು 40 ಹಲ್ಲಿನವು 3 ರಂಧ್ರ ದೂರ. 16 ಮತ್ತು 24 ಸೇರಿದರೆ ಎರಡೂವರೆ ಬರುತ್ತದೆ, ಆದ್ದರಿಂದ ಸಾಮಾನ್ಯ ಬೀಮ್‌ನ ಒಂದೇ ಸಾಲಿನಲ್ಲಿ ಆ ಜೋಡಿ ಕೂರುವುದಿಲ್ಲ. ಯಾವ ಜಾಗದಲ್ಲಿ ಯಾವ ಗೇರು ಇದ್ದಿರಬೇಕು ಎಂದು ಇದರಿಂದಲೇ ಊಹಿಸಬಹುದು.

ಉತ್ತರ, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ

ಇಲ್ಲಿ ಹತ್ತಾರು ವರ್ಷಗಳಿಂದ ನೆಲೆಸಿ ಇದೇ ಹವ್ಯಾಸದಲ್ಲಿರುವ ಧಾರವಾಡದವನು ನಾನು. ಯುರೋಪಿನಲ್ಲಿ ಹಳೆಯ ಭಾಗಗಳು ಕಿಲೋ ಲೆಕ್ಕದಲ್ಲಿ ಸಿಗುತ್ತವೆ, ಆದರೆ ಬೇಕಾದ ಭಾಗಕ್ಕಾಗಿ ಕಿಲೋಗಟ್ಟಲೆ ಕೊಳ್ಳುವುದಕ್ಕಿಂತ ಬ್ರಿಕ್‌ಲಿಂಕ್‌ನ ಒಬ್ಬಿಬ್ಬರು ಮಾರಾಟಗಾರರಿಂದ ಬಿಡಿಯಾಗಿ ತರಿಸುವುದು ಲೇಸು. 2000ದಲ್ಲಿ ಹವ್ಯಾಸಿಯೊಬ್ಬರು ಆರಂಭಿಸಿದ ಆ ಮಾರುಕಟ್ಟೆಯನ್ನು 2019ರಲ್ಲಿ ಲೆಗೊ ಕಂಪನಿಯೇ ಕೊಂಡಿತು. ಭಾರತಕ್ಕೆ ತರಿಸುವವರು ಸುಂಕವನ್ನು ಮರೆಯುವಂತಿಲ್ಲ: ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು, ಮತ್ತು 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾಗಿದೆ. ಸದ್ಯದ ದರವನ್ನು ನೋಡಿಕೊಂಡೇ ಆದೇಶ ಕೊಡಿ. ನಿಮ್ಮ ಭಾವಮೈದುನ ಜರ್ಮನಿಯಲ್ಲಿದ್ದಾರಲ್ಲ, ಪಟ್ಟಿಯಲ್ಲಿರುವ ಭಾಗಗಳನ್ನು ಅವರ ವಿಳಾಸಕ್ಕೆ ತರಿಸಿ, ಅವರು ಊರಿಗೆ ಬರುವಾಗ ಸುಂಕದ ನಿಯಮಗಳ ಮಿತಿಯೊಳಗೆ ತರುವುದು ನೆಟ್ಟಗಿನ ದಾರಿ.

ಆ ಎರಡು ಮೋಟಾರುಗಳ ತಂತಿಗಳನ್ನು ಬಗ್ಗಿಸುವ ಮೊದಲು ನೋಡಿ. ಆ ಕಾಲದ 9 ವೋಲ್ಟ್ ತಂತಿಗಳ ಮೇಲಿನ ಹೊದಿಕೆ ವಯಸ್ಸಾದಂತೆ ಪುಡಿಯಾಗುತ್ತದೆ. ತಾಮ್ರ ಹೊರಗೆ ಕಂಡರೆ ಬ್ಯಾಟರಿಗೆ ಜೋಡಿಸಬೇಡಿ, ಹೊಸ ತಂತಿ ಹಾಕಿಸಿ. ಬ್ಯಾಟರಿ ಪೆಟ್ಟಿಗೆಯಲ್ಲಿ ಆಲ್ಕಲೈನ್ ಸೆಲ್ ಸೋರಿ ಬಿಳಿಯ ಪದರ ಕಟ್ಟಿದ್ದರೆ ಹತ್ತಿಯ ಕಡ್ಡಿಗೆ ವಿನಿಗರ್ ಹಚ್ಚಿ ಒರೆಸಿ, ನಂತರ ಪೂರ್ತಿ ಒಣಗಿಸಿ. ಪೆಟ್ಟಿಗೆಯಲ್ಲಿ ನ್ಯೂಮ್ಯಾಟಿಕ್ (ಗಾಳಿಯ ಒತ್ತಡದಿಂದ ನಡೆಯುವ) ಸಿಲಿಂಡರ್‌ಗಳು ಸಿಕ್ಕಿದ್ದರೆ ಅವುಗಳಿಗೆ ಹೊಲಿಗೆ ಯಂತ್ರದ ಎಣ್ಣೆಯಂಥ ಯಾವುದೇ ಪೆಟ್ರೋಲಿಯಂ ಎಣ್ಣೆ ಬಿಡಬಾರದು, ಒಳಗಿನ ರಬ್ಬರ್ ಹಾಳಾಗುತ್ತದೆ. ಸಿಲಿಕೋನ್ ಗ್ರೀಸ್ ಒಂದು ಚುಕ್ಕೆ ಸಾಕು. ಗಟ್ಟಿಯಾದ ಕೊಳವೆಗಳ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಅನೇಕ ವೇಳೆ ಗಾಳಿ ಸೋರುವುದು ನಿಲ್ಲುತ್ತದೆ.

ಉತ್ತರ, ಮಂಗಳೂರಿನಿಂದ

ತೊಳೆಯುವ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿನೀರು 40 ಡಿಗ್ರಿ ದಾಟಬಾರದು, ಸ್ವಲ್ಪ ಪಾತ್ರೆ ತೊಳೆಯುವ ದ್ರವ, ಮೃದುವಾದ ಹಲ್ಲುಜ್ಜುವ ಬ್ರಷ್, ಆಮೇಲೆ ನೆರಳಿನಲ್ಲಿ ಬಟ್ಟೆಯ ಮೇಲೆ ಒಣಗಿಸುವುದು. ಮೋಟಾರು, ಸಿಲಿಂಡರ್, ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್, ಸ್ಟಿಕರ್ ಅಂಟಿಸಿದ ತುಂಡುಗಳು ನೀರಿಗೆ ಬೇಡ. ಹಳದಿಗಟ್ಟಿದ ಭಾಗಗಳನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಬಿಳುಪಾಗುವುದು ನಿಜ, ಆದರೆ ವರ್ಷಗಳು ಕಳೆದಂತೆ ಹಳದಿ ಮರಳಿ ಬರಬಹುದು, ಆದ್ದರಿಂದ ಅಪರೂಪದ ತುಂಡುಗಳಿಗೆ ನಾನು ಆ ಪ್ರಯೋಗ ಮಾಡುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್‌ಗೆ ಏನೂ ಆಗುವುದಿಲ್ಲ, ಕೆಡುವುದು ರಟ್ಟಿನ ಪೆಟ್ಟಿಗೆ ಮತ್ತು ಪುಸ್ತಿಕೆ. ಅವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಮೈಸೂರಿನಲ್ಲಿ ನಿಮಗೆ ತೇವಕ್ಕಿಂತ ಧೂಳು ಮತ್ತು ಕಿಟಕಿಯ ಬಿಸಿಲೇ ಹೆಚ್ಚು ತೊಂದರೆ.

ಉತ್ತರ, ಹುಬ್ಬಳ್ಳಿಯಿಂದ

ಲೋಹದ ಸೆಟ್‌ಗಳ ಕಡೆಯಿಂದ ಒಂದು ಮಾತು, ಏಕೆಂದರೆ ಮುಂದೆ ನಿಮ್ಮ ಒಲವು ಅತ್ತ ಹೊರಳಬಹುದು. ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದು, 1907ರಲ್ಲಿ ಮೆಕ್ಕಾನೊ ಎಂದು ಹೆಸರಿಟ್ಟ ಸೆಟ್‌ಗಳ ಲೋಹದ ಪಟ್ಟಿಗಳಲ್ಲಿ ರಂಧ್ರದಿಂದ ರಂಧ್ರಕ್ಕೆ ಅರ್ಧ ಇಂಚು, ಬೋಲ್ಟ್ 5/32 ಇಂಚಿನ ವಿಟ್‌ವರ್ತ್ (ಇಂಚಿನ ಅಳತೆಯ ಬ್ರಿಟಿಷ್) ಥ್ರೆಡ್. ಆದ್ದರಿಂದ ನಮ್ಮ ಅಂಗಡಿಗಳ ಮೆಟ್ರಿಕ್ ಬೋಲ್ಟ್‌ಗಳನ್ನು ಬಲವಂತವಾಗಿ ತಿರುಗಿಸಿದರೆ ಹಿತ್ತಾಳೆಯ ಚಕ್ರಗಳ ಥ್ರೆಡ್ ಹೋಗುತ್ತದೆ. ಹಳೆಯ ಪಟ್ಟಿಗಳಿಗೆ ಹೊಸ ಬಣ್ಣ ಹೊಡೆಯುವ ಆಸೆಯನ್ನು ತಡೆದುಕೊಳ್ಳಿ: 1926ರಲ್ಲಿ ಬಂದ ಕೆಂಪು-ಹಸಿರು, 1934ರ ನೀಲಿ-ಚಿನ್ನದ ಬಣ್ಣಗಳಿಂದಲೇ ಅವುಗಳ ಕಾಲವನ್ನು ಗುರುತಿಸುತ್ತಾರೆ. ತುಕ್ಕನ್ನು ತೆಳುವಾಗಿ ಒರೆಸಿ, ಯಂತ್ರದ ಎಣ್ಣೆಯ ಪದರ ಸವರಿ ಬಿಡಿ. ಲೋಹಕ್ಕೆ ಅದು ಒಳ್ಳೆಯದೇ. ಇದನ್ನು ಬರಿಯ ಮಕ್ಕಳ ಆಟಿಕೆ ಎನ್ನುವವರಿಗೆ ನಾನು ಹೇಳುವುದಿಷ್ಟು: 1934ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಡಗ್ಲಸ್ ಹಾರ್ಟ್ರಿ ಮತ್ತು ಆರ್ಥರ್ ಪೋರ್ಟರ್ ಡಿಫರೆನ್ಷಿಯಲ್ ಸಮೀಕರಣಗಳನ್ನು ಬಿಡಿಸುವ ಯಂತ್ರವನ್ನೇ ಮೆಕ್ಕಾನೊ ಭಾಗಗಳಿಂದ ಕಟ್ಟಿದ್ದರು.

ಉತ್ತರ, ಪುಣೆಯಿಂದ

ಬಿಚ್ಚದ ಪೆಟ್ಟಿಗೆಗಳ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಹಣದ ಹೂಡಿಕೆಯೆಂದು ಕೊಳ್ಳುವುದಾದರೆ ಅದು ಬೇರೆಯೇ ವ್ಯಾಪಾರ, ಅದಕ್ಕೆ ಜಾಗವೂ ತಾಳ್ಮೆಯೂ ಬೇಕು, ಮತ್ತು ಕಂಪನಿ ಅದೇ ವಾಹನದ ಹೊಸ ಮಾದರಿ ತಂದರೆ ಹಳೆಯದರ ಬೆಲೆ ಕುಗ್ಗಬಹುದು. ಕಟ್ಟುವ ಸುಖಕ್ಕಾಗಿ ಸಂಗ್ರಹಿಸುವವರಿಗೆ ಪೆಟ್ಟಿಗೆಯಿಲ್ಲದ, ಬಳಸಿದ, ಆದರೆ ಭಾಗಗಳು ಪೂರ್ತಿಯಿರುವ ಸೆಟ್ ಸಾಕು. ಒಂದು ಎಳೆ ಹಿಡಿದು ಹೋಗಿ. ನನ್ನದು ಲಾರಿ ಮತ್ತು ಟ್ರಾಕ್ಟರುಗಳ ಸಾಲು. ಪೋರ್ಟಲ್ ಆಕ್ಸಲ್‌ಗಳಿರುವ (ಚಕ್ರದ ನಡುವಿಗಿಂತ ಮೇಲೆ ಕೂರುವ ಆಕ್ಸಲ್‌ಗಳು) 2011ರ ಯೂನಿಮಾಗ್ 8110, ನ್ಯೂಮ್ಯಾಟಿಕ್ ಕ್ರೇನ್ ಇರುವ 2015ರ ಮರ್ಸಿಡಿಸ್ ಆರೋಕ್ಸ್ 42043 ಎರಡೂ ಅದರಲ್ಲಿವೆ. ಒಂದೇ ಸಮಸ್ಯೆಗೆ ಬೇರೆ ಬೇರೆ ವರ್ಷಗಳ ವಿನ್ಯಾಸಕರು ಕೊಟ್ಟ ಪರಿಹಾರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೇ ಇಂಥ ಸಂಗ್ರಹದ ನಿಜವಾದ ಲಾಭ.

ಮೋಟಾರು ಇರುವ ಸೆಟ್ ಕೊಳ್ಳುವಾಗ ಯಾವ ಪೀಳಿಗೆಯದೆಂದು ನೋಡಿ. 2007ರಲ್ಲಿ ಬಂದ ಪವರ್ ಫಂಕ್ಷನ್ಸ್ ವ್ಯವಸ್ಥೆಯಲ್ಲಿ ಸ್ವಿಚ್ ಒತ್ತಿದರೆ ಮೋಟಾರು ತಿರುಗುತ್ತದೆ. ಅದರ ನಂತರದ ಕಂಟ್ರೋಲ್ ಪ್ಲಸ್ ಸೆಟ್‌ಗಳು, ಉದಾಹರಣೆಗೆ 4,108 ತುಂಡುಗಳ 2019ರ ಲೀಬ್‌ಹೆರ್ ಅಗೆಯುವ ಯಂತ್ರ, ಮೊಬೈಲ್ ಆ್ಯಪ್ ಮೂಲಕ ನಡೆಯುತ್ತವೆ, ಮತ್ತು ಎರಡರ ಪ್ಲಗ್‌ಗಳು ಒಂದಕ್ಕೊಂದು ಹೊಂದುವುದಿಲ್ಲ. ನಿಮ್ಮ 8880ಕ್ಕೆ ಮೂವತ್ತು ವರ್ಷದ ನಂತರವೂ ಬೇಕಾದದ್ದು ಎರಡು ಕೈ ಮಾತ್ರ. ಆ್ಯಪ್ ಬೇಡುವ ಯಂತ್ರಗಳಿಗೆ ಆ ಭರವಸೆಯನ್ನು ನಾನು ಕೊಡಲಾರೆ, ಆದ್ದರಿಂದ ಸಂಗ್ರಹಕ್ಕೆ ಅವನ್ನು ತೆಗೆದುಕೊಳ್ಳುವುದಿಲ್ಲ.

ಅಗ್ಗದ ನಕಲಿ ಭಾಗಗಳು ರಾಶಿಯಲ್ಲಿ ಬೆರೆತಿರುವುದೂ ಉಂಟು. ಭೂತಗನ್ನಡಿ ಹಿಡಿದರೆ ಅಸಲಿ ತುಂಡುಗಳಲ್ಲಿ ಬಹುತೇಕ ಎಲ್ಲದರ ಮೇಲೂ ಕಂಪನಿಯ ಹೆಸರು ಸಣ್ಣಗೆ ಅಚ್ಚಾಗಿರುತ್ತದೆ. ಮಾರುವ ಉದ್ದೇಶವಿಲ್ಲದೆ ಒಳಗೆಲ್ಲೋ ಒಂದು ನಕಲಿ ಬೀಮ್ ಇದ್ದರೆ ಅಪರಾಧವೇನಲ್ಲ, ಆದರೆ ಗೇರು ಮತ್ತು ಪಿನ್‌ಗಳು ಅಸಲಿಯೇ ಆಗಿರಲಿ.

ಮತ್ತೆ ಪ್ರಶ್ನಿಸಿದವರು

ಎಲ್ಲರಿಗೂ ವಂದನೆಗಳು. ವಿಂಗಡಣೆ ಮುಗಿಯಿತು. ಸಾಮಾನ್ಯ ಭಾಗಗಳಲ್ಲಿ ಕೊರತೆ ಹೆಚ್ಚಿಲ್ಲ, ಆದರೆ ಚಕ್ರದ ಒಂದು ಹಬ್ (ಚಕ್ರವನ್ನು ಹಿಡಿದಿಡುವ ನಡುಭಾಗ) ಇಲ್ಲ, ಮತ್ತು ಗೇರ್‌ಬಾಕ್ಸ್‌ನ ಡ್ರೈವಿಂಗ್ ರಿಂಗ್ (ಜಾರಿ ಬೇಕಾದ ಗೇರನ್ನು ಹಿಡಿಯುವ ಬಳೆ) ಸವೆದು ಗೇರು ತಾನಾಗಿ ಜಾರುತ್ತಿದೆ. ಹೊಸ ಮಾದರಿಯ ರಿಂಗ್ ಹಾಕಬಹುದೇ?

ಉತ್ತರ, ಬೆಂಗಳೂರಿನಿಂದ

ಹಾಕಬೇಡಿ. ಆ ರಿಂಗ್‌ಗಳು ಮೊದಲ ಬಾರಿ ಬಂದದ್ದೇ ನಿಮ್ಮ ಕಾರಿನೊಂದಿಗೆ. ಈಚಿನ ಸೆಟ್‌ಗಳಲ್ಲಿರುವುದು ಮರುವಿನ್ಯಾಸಗೊಂಡ ಬೇರೆ ಭಾಗ, ಹಳೆಯ ಗೇರುಗಳ ಜೊತೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ತೊಂಬತ್ತರ ದಶಕದ ಮತ್ತು ಅದರ ನಂತರದ ಅನೇಕ ಸೆಟ್‌ಗಳಲ್ಲಿ ಹಳೆಯ ರಿಂಗ್ ಇದ್ದುದರಿಂದ ಬಳಸಿದ್ದು ಧಾರಾಳವಾಗಿ ಸಿಗುತ್ತದೆ. ಕೊಳ್ಳುವಾಗ ಅದರೊಳಗೆ ಕೂರುವ ಆಕ್ಸಲ್ ಜೋಡಕವನ್ನೂ ಸೇರಿಸಿ ತರಿಸಿ, ಏಕೆಂದರೆ ಸವೆತ ಎರಡರಲ್ಲೂ ಇರುತ್ತದೆ. ಹಬ್ ದುಬಾರಿ ಮತ್ತು ಅಪರೂಪ. ಒಂದು ಬಿಡಿ ಹಬ್‌ಗೆ ಕೇಳುವ ಬೆಲೆಯನ್ನು ಅಪೂರ್ಣವಾದ ಇನ್ನೊಂದು 8880ರ ಬೆಲೆಯೊಂದಿಗೆ ಹೋಲಿಸಿ ನೋಡಿ, ಎರಡನೆಯದೇ ಅಗ್ಗವಾದರೂ ಆದೀತು. ಅಲ್ಲಿಯವರೆಗೆ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂಭಾಗವನ್ನು ಕಟ್ಟಿ, ಚಾಸಿಯ ಕೆಳಗೆ ಒಂದು ಮರದ ತುಂಡು ಕೊಟ್ಟು ಎತ್ತರಿಸಿ ಇಟ್ಟುಕೊಳ್ಳಿ; ಸಸ್ಪೆನ್ಷನ್ ಸ್ಪ್ರಿಂಗ್‌ಗಳ ಮೇಲೆ ಭಾರ ಬೀಳುವುದಿಲ್ಲ.