ಹಿಟ್ಟಿನ ಮೂಟೆಯೂ ಗಲ್ಲಾಪೆಟ್ಟಿಗೆಯೂ

ಕಾಫಿ ಬರುವ ಮೊದಲೇ ಮೂರ್ತಿ ಕೇಳಿದ: "ಲ್ಯಾರಿ ಸೀಮನ್ ಗೊತ್ತೇ?"

"ಸೀಮೆಎಣ್ಣೆ ಗೊತ್ತು" ಎಂದ ಶೀನ.

"ಮೂಕಿ ಚಿತ್ರಗಳ ಹಾಸ್ಯನಟನಯ್ಯ. 1920ರ ಸುಮಾರಿಗೆ ಅಮೆರಿಕದಲ್ಲಿ ಚಾಪ್ಲಿನ್ ಜೊತೆಗೆ ಇವನ ಹೆಸರನ್ನೂ ಹೇಳುತ್ತಿದ್ದರು. ಸುಣ್ಣ ಬಳಿದಂಥ ಮುಖ, ಎದೆಯವರೆಗೆ ಎಳೆದುಕೊಂಡ ಪ್ಯಾಂಟು, ಪುಟ್ಟ ಟೋಪಿ. ಆ ಕಾಲದ ಚಿತ್ರೋದ್ಯಮದ ಪತ್ರಿಕೆಗಳು ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ರಾತ್ರಿ ಎರಡರವರೆಗೆ ಓದಿದೆ."

"ಮನೆಯವರು ಊರಿಗೆ ಹೋಗಿದ್ದಾರೆ" ಎಂದು ರಾಯರು ನಮಗೆ ತಿಳಿಯಪಡಿಸಿದರು.

"ನಕ್ಕೆಯಾ?" ಎಂದೆ.

"ಎಲ್ಲಿಯ ನಗು! ಅವು ಪ್ರೇಕ್ಷಕರಿಗಲ್ಲ, ಟಾಕೀಸಿನ ಮಾಲೀಕರಿಗೆ."

"ಮೂಕಿ ಚಿತ್ರಕ್ಕೆ ಟಾಕೀಸು ಎಲ್ಲಿಂದ ಬಂತು?" ಶೀನನ ತಕರಾರು.

"ಚಿತ್ರಮಂದಿರ ಎನ್ನು, ಮಹಾರಾಯ. 'ಎಕ್ಸಿಬಿಟರ್ಸ್ ಹೆರಾಲ್ಡ್' ಪತ್ರಿಕೆಯಲ್ಲಿ 'ಈ ಚಿತ್ರ ನನಗೇನು ಮಾಡಿತು' ಎಂಬ ಅಂಕಣ. ಸಣ್ಣ ಊರಿನ ಮಾಲೀಕರೂ ಎರಡು ಮೂರು ಸಾಲು ಬರೆದು ಕಳಿಸುತ್ತಿದ್ದರು. ಕೊನೆಗೆ ಹೆಸರು, ಊರು, ಬರುವ ಜನ ಎಂಥವರು ಎಂಬ ಟಿಪ್ಪಣಿ. ಕಲೆಗಿಲೆ ಏನೂ ಬೇಡ. ಜನ ಬಂದರೇ? ಚಿತ್ರಕ್ಕೆ ಕೊಟ್ಟ ಬಾಡಿಗೆ ಗಿಟ್ಟಿತೇ?"

"ನಮ್ಮ ಮಾವನವರೂ ಹೀಗೆಯೇ. ಮದುವೆಯೂಟ ಹೇಗಿತ್ತೆಂದರೆ ಎಲೆಗೆಷ್ಟು ಬಿತ್ತೆಂದು ಹೇಳುತ್ತಾರೆ."

ಮೂರ್ತಿಗೆ ಹುರುಪು ಬಂತು. ಸೀಮನ್ನನ ತಂದೆ ಜಾದೂಗಾರನಂತೆ. "ಹಾಗಾದರೆ ದುಡ್ಡು ಮಾಯ ಮಾಡುವ ವಿದ್ಯೆ ಮನೆಯದೇ" ಎಂದರು ರಾಯರು. ಅವರ ಮಾತು ನಿಜವೇ ಆಯಿತು. ವಿಟಾಗ್ರಾಫ್ ಕಂಪನಿಗೆ ಅವನು ಮಾಡುತ್ತಿದ್ದವು ಎರಡು ರೀಲಿನ ಚಿತ್ರಗಳು, ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟಕ್ಕೇ ಗೋಪುರ ಕಟ್ಟಿ ಕೆಡವಬೇಕು, ಹಿಟ್ಟಿನ ಮೂಟೆ ಒಡೆಯಬೇಕು, ಮಸಿಯಲ್ಲಿ ನಾಲ್ವರು ಮುಳುಗಬೇಕು. 1922ರ 'ದಿ ಸಾಮಿಲ್'ಗಾಗಿ ಕಾಡಿಗೆ ಹೋದವನು ತಂಡದವರು ಉಳಿಯಲೆಂದು ಮರದ ಮನೆಗಳನ್ನೇ ಕಟ್ಟಿಸಿದ.

"ಒಂದು ನಗೆಗೆ ಒಂದು ಗೃಹಪ್ರವೇಶ" ಎಂದ ಶೀನ.

"ಖರ್ಚು ತಡೆಯಲಾರದೆ ಕಂಪನಿ ದಾವೆಯನ್ನೂ ಹೂಡಿತ್ತು. ಕೊನೆಗೆ, ನಿನ್ನ ಚಿತ್ರಕ್ಕೆ ನೀನೇ ನಿರ್ಮಾಪಕನಾಗು ಎಂದುಬಿಟ್ಟಿತು."

"ಮಗನಿಗೆ ಬೇರೆ ಮನೆ ಮಾಡಿಸಿದಂತೆ."

1925ರಲ್ಲಿ 'ದಿ ವಿಜಾರ್ಡ್ ಆಫ್ ಆಜ್' ಎಂಬ ಪೂರ್ಣಾವಧಿ ಚಿತ್ರಕ್ಕೆ ಕೈ ಹಾಕಿದ. ತಾನೇ ಬೆದರುಬೊಂಬೆ. ಲಾರೆಲ್ ಜೊತೆ ಇನ್ನೂ ಜೋಡಿಯಾಗಿರದ ಆಲಿವರ್ ಹಾರ್ಡಿ ತಗಡಿನ ಮನುಷ್ಯನ ವೇಷದಲ್ಲಿ. ಚಿತ್ರ ಕೈ ಹಿಡಿಯಲಿಲ್ಲ. 1928ರಲ್ಲಿ ದಿವಾಳಿ ಅರ್ಜಿ. ಅದೇ ಅಕ್ಟೋಬರಿನಲ್ಲಿ ತೀರಿಕೊಂಡ. ವಯಸ್ಸು 39.

ಶೀನನೂ ಸುಮ್ಮನಾದ.

"ಪತ್ರಿಕೆಯ ಪುಟ ತಿರುಗಿಸಿದರೆ ಜಾಹೀರಾತಿನಲ್ಲಿ ಬೇರೆ ಯಾರೋ ನಗುತ್ತಿರುತ್ತಾರೆ" ಎಂದ ಮೂರ್ತಿ, ತಣ್ಣಗಾದ ಕಾಫಿ ಹೀರುತ್ತ.

ಮಾಣಿ ಬಿಲ್ಲು ತಂದಿಟ್ಟ. ರಾಯರು ಜೇಬಿನಿಂದ ಪೆನ್ನು ತೆಗೆದು ಅದರ ಹಿಂದೆ ಬರೆದು ಮೂರ್ತಿಯ ಕಡೆಗೆ ಸರಿಸಿದರು: "ಎರಡು ರೀಲಿನ ಕಥೆ. ಬಾಡಿಗೆ ದುಬಾರಿ. ಸಕ್ಕರೆ ಕಡಿಮೆ. ಬರುವವರು ನಾಲ್ವರು ಪಿಂಚಣಿದಾರರು."